ರಬ್ಬರ್ ಕೊಡುವ ಬಳ್ಳಿಯ ಹಣ್ಣನ್ನು ತಿನ್ನಬಹುದೇ?

ಪ್ರಶ್ನೆ: ಆಫ್ರಿಕಾದ ಕಾಡುಗಳಲ್ಲಿ ರಬ್ಬರ್ ಬಳ್ಳಿ ಇದೆಯಂತೆ, ಅದರ ಹಣ್ಣನ್ನು ಜನ ತಿನ್ನುತ್ತಾರಂತೆ. ರಬ್ಬರ್ ಸೊನೆಯ ಹಣ್ಣು ಹೊಟ್ಟೆಗೆ ಹೋದರೆ ತೊಂದರೆಯಿಲ್ಲವೇ? ಅಷ್ಟೊಂದು ಉಪಯೋಗದ ಬಳ್ಳಿಯಾದರೆ ಅದರ ತೋಟ ಏಕೆ ಎಲ್ಲಿಯೂ ಕಾಣುವುದಿಲ್ಲ?

ಉತ್ತರ: ತಿನ್ನುತ್ತಾರೆ, ಬಾಯಿ ಚಪ್ಪರಿಸಿಕೊಂಡೇ ತಿನ್ನುತ್ತಾರೆ. ನೀವು ಕೇಳುತ್ತಿರುವುದು ಲ್ಯಾಂಡಾಲ್ಫಿಯ ಎಂಬ ಕುಲದ ಬಳ್ಳಿಗಳ ವಿಷಯ. ಅವು ನಮ್ಮ ಕವಳಿ ಹಣ್ಣಿನ ಕುಟುಂಬಕ್ಕೇ ಸೇರಿದವು. ಕವಳಿ ಕಾಯಿ ಕಿತ್ತರೆ ತೊಟ್ಟಿನಲ್ಲಿ ಬಿಳಿ ಹಾಲು ಜಿನುಗುತ್ತದೆ, ಬೆರಳಿಗೆ ಅಂಟುತ್ತದೆ. ಅದೇ ಕಾಯಿ ಕಳಿತು ಕಪ್ಪಾದಾಗ ನಾವು ಹಿಂದೆಮುಂದೆ ನೋಡದೆ ಬಾಯಿಗೆ ಹಾಕಿಕೊಳ್ಳುತ್ತೇವೆ. ಅಲ್ಲಿಯೂ ಹಾಗೆಯೇ. ಸೊನೆ ಹೆಚ್ಚಾಗಿ ಕಾಂಡದಲ್ಲಿ ಮತ್ತು ಹಣ್ಣಿನ ದಪ್ಪ ಸಿಪ್ಪೆಯಲ್ಲಿರುತ್ತದೆ. ಒಳಗೆ ಬೀಜಗಳಿಗೆ ಅಂಟಿಕೊಂಡ ಹುಳಿಸಿಹಿ ತಿರುಳು. ಆದರೆ ಕಣಗಿಲೆಯೂ ಇದೇ ಕುಟುಂಬದ್ದು, ಅದು ಕಡುವಿಷ. ಆದ್ದರಿಂದ ಒಂದನ್ನು ತಿನ್ನಬಹುದೆಂದು ಹಾಲಿನ ಗಿಡಗಳನ್ನೆಲ್ಲ ನಂಬಬಾರದು.

ಇನ್ನು ತೋಟದ ಮಾತು. ಸುಳ್ಯ, ಬೆಳ್ತಂಗಡಿಯ ಕಡೆ ರಬ್ಬರ್ ಟ್ಯಾಪಿಂಗ್ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿರುವುದು ಬ್ರೆಜಿಲ್ ಮೂಲದ ಹೆವಿಯಾ ಮರ. ಅದರ ತೊಗಟೆಯಲ್ಲಿ ಹಾಲಿನ ನಾಳಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಂತೆ ಹೆಣೆದಿವೆ. ತೆಳ್ಳಗೆ ಗೀರಿದರೆ ಹಾಲು ಗಂಟೆಗಟ್ಟಲೆ ಗೆರಟೆಗೆ ಇಳಿಯುತ್ತದೆ, ಮರ ಉಳಿಯುತ್ತದೆ, ಮತ್ತೆ ಗೀರಬಹುದು. ಲ್ಯಾಂಡಾಲ್ಫಿಯದ ಹಾಲು ಹಾಗೆ ಹರಿಯುವುದಿಲ್ಲ. ಪೂರ್ವ ಆಫ್ರಿಕಾದ ಲ್ಯಾಂಡಾಲ್ಫಿಯ ಕಿರ್ಕಿಯ ಸೊನೆಯಂತೂ ಗಾಳಿ ತಾಗುತ್ತಲೇ ಗಟ್ಟಿಯಾಗುವುದರಿಂದ, ಗಾಯದಿಂದ ಅದನ್ನು ನೂಲಿನಂತೆ ಎಳೆದು ಉಂಡೆ ಸುತ್ತುತ್ತಿದ್ದರು. ಹೆಚ್ಚು ಬೇಕೆಂದರೆ ಬಳ್ಳಿಯನ್ನೇ ತುಂಡರಿಸಬೇಕು. ತುಂಡರಿಸಿದಷ್ಟೂ ಮುಂದಿನ ಬಳ್ಳಿ ಕಾಡಿನ ಇನ್ನೂ ಒಳಗೆ.

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ತಯಾರಿಸಿದ ಮೇಲೆ ರಬ್ಬರಿಗೆ ಬೇಡಿಕೆ ಉಕ್ಕಿತು. ಈ ಬಳ್ಳಿಗಳಿದ್ದ ಮಧ್ಯ ಆಫ್ರಿಕಾದ ಕಾಂಗೋ ಆಗ ಬೆಲ್ಜಿಯಂ ದೇಶದ ವಸಾಹತೂ ಆಗಿರಲಿಲ್ಲ, ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡನ ಸ್ವಂತ ಆಸ್ತಿಯಾಗಿತ್ತು. ಕೆಲವು ಪ್ರದೇಶಗಳಲ್ಲಿ ಗಂಡಸೊಬ್ಬ 15 ದಿನಕ್ಕೆ 3ರಿಂದ 4 ಕಿಲೋ ಒಣರಬ್ಬರ್ ತಂದೊಪ್ಪಿಸಬೇಕಿತ್ತು. ತರುವವರೆಗೆ ಹೆಂಡತಿ ಒತ್ತೆಯಾಳು. ಬಳ್ಳಿಯ ಹಾಲನ್ನು ಎದೆ, ತೋಳುಗಳಿಗೆ ಬಳಿದುಕೊಂಡು, ಒಣಗಿದ ಮೇಲೆ ಕೂದಲ ಸಮೇತ ಕಿತ್ತು ತೆಗೆಯುತ್ತಿದ್ದರು. ಹಲಸಿನ ಮೇಣ ಕೈಗೆ ಅಂಟಿದಾಗ ನಾವು ಕೊಬ್ಬರಿ ಎಣ್ಣೆಗೆ ಓಡುತ್ತೇವೆ. ಅವರಿಗೆ ಮೈಯೇ ಪಾತ್ರೆಯಾಗಿತ್ತು. ಹೇಳಿದಷ್ಟು ತರದ ಊರುಗಳ ಮೇಲೆ ಸೈನಿಕರು ಎರಗುತ್ತಿದ್ದರು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಇಂಗ್ಲಿಷ್ ಮಿಷನರಿ ತೆಗೆದ ಒಂದು ಚಿತ್ರದಲ್ಲಿ ನ್ಸಾಲಾ ಎಂಬ ತಂದೆ, ಕಡಿದುಹಾಕಿದ್ದ ತನ್ನ ಪುಟ್ಟ ಮಗಳ ಕೈ ಮತ್ತು ಪಾದವನ್ನು ನೋಡುತ್ತ ಕುಳಿತಿದ್ದಾನೆ. ಈ ಬಳ್ಳಿಯ ಬಗ್ಗೆ ಬರೆಯುವಾಗ ಆ ಚಿತ್ರವನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ. ಅದೇ ವರ್ಷ, ಕಾಂಗೋದ ಈ ದೌರ್ಜನ್ಯಗಳ ಬಗ್ಗೆ ಬ್ರಿಟಿಷ್ ಕಾನ್ಸುಲ್ ರೋಜರ್ ಕೇಸ್‌ಮೆಂಟರ ವರದಿ ಪ್ರಕಟವಾಯಿತು. 1908ರಲ್ಲಿ ಲಿಯೋಪೋಲ್ಡ್ ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಒಪ್ಪಿಸಬೇಕಾಯಿತು.

ಅಷ್ಟರಲ್ಲಿ ಸಿಲೋನ್, ಮಲಯಗಳ ಹೆವಿಯಾ ತೋಟಗಳು ಹಾಲು ಕೊಡಲು ಆರಂಭಿಸಿದ್ದವು. 1910ರ ದಶಕದಲ್ಲಿ ತೋಟದ ರಬ್ಬರ್ ಕಾಡುರಬ್ಬರನ್ನು ಹಿಂದೆ ಹಾಕಿತು. 1942ರಲ್ಲಿ ಮಲಯ ಜಪಾನಿನ ವಶವಾದಾಗ ಮಾತ್ರ ಕಾಂಗೋದ ಜನರನ್ನು ಮತ್ತೆ ಕಾಡುರಬ್ಬರಿಗಾಗಿ ದುಡಿಸಲಾಯಿತು.

ರಬ್ಬರಿನ ಮಾರುಕಟ್ಟೆ ಹೋಯಿತು, ಹಣ್ಣಿನದು ಉಳಿಯಿತು. ಹಿಂದೆ ಲ್ಯಾಂಡಾಲ್ಫಿಯದಲ್ಲೇ ಎಣಿಸುತ್ತಿದ್ದ, ಈಗ ಸಾಬಾ ಎನ್ನುವ ಕುಲದ ಹಣ್ಣುಗಳಿಗೆ ಇಂದಿಗೂ ಬೇಡಿಕೆಯಿದೆ. ಜಾಂಜಿಬಾರಿನಲ್ಲಿ ಅದರ ಒಂದು ಜಾತಿಯ ಹಣ್ಣಿನಿಂದ ಪಾನಕ ಮಾಡುತ್ತಾರೆ. ಸೆನೆಗಲ್‌ನಲ್ಲಿ ಮತ್ತೊಂದು ಜಾತಿಯ ಹೆಸರು ಮಾಡ್; ಬಹುಪಾಲು ಕಾಡಿನಿಂದಲೇ ಕೊಯ್ದು ತರುತ್ತಾರೆ. ಸಿಪ್ಪೆ ಒಡೆದು, ತಿರುಳಿಗೆ ಸಕ್ಕರೆ, ಉಪ್ಪು, ಮೆಣಸಿನ ಪುಡಿ ಕಲಸಿ, ಬೀಜ ಚೀಪುತ್ತ ತಿನ್ನುತ್ತಾರೆ.