ಅತ್ತೆಗೆ ಮರೆವಿನ ಕಾಯಿಲೆ, ನಮ್ಮದು ಒಂಟಿ ಮನೆ: ಬೆಂಗಳೂರಿಗೆ ಕಳಿಸಬೇಕಾ?

ಪ್ರಶ್ನೆ: ಮೂಡಿಗೆರೆ ಕಡೆ ತೋಟದೊಳಗೆ ನಮ್ಮ ಒಂಟಿ ಮನೆ. ಅತ್ತೆಗೆ ಡಿಮೆನ್ಷಿಯಾ ಅಂತ ಡಾಕ್ಟರ್ ಹೇಳಿದ್ದಾರೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದ್ವೀಪದಲ್ಲಿದ್ದ ಹಾಗೆ. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಬೆಂಗಳೂರಿನ ಮೈದುನನ ಮನೆಗೆ ಕಳಿಸೋದೇ ವಾಸಿ ಅಂತಾರೆ. ಏನು ಮಾಡಲಿ?

ಅವಸರ ಮಾಡಬೇಡಿ. ಮದುವೆಯಾಗಿ ಬಂದಾಗಿನಿಂದ ಅದೇ ಮನೆಯಲ್ಲಿ ಓಡಾಡಿದವರಿಗೆ ಬಚ್ಚಲು ಯಾವ ಕಡೆ, ಹಿತ್ತಿಲ ಬಾಗಿಲು ಯಾವ ಕಡೆ ಅನ್ನೋದು ಕಾಲಿಗೇ ಗೊತ್ತಿರುತ್ತದೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹೋದರೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಸಾಮಾನ್ಯವಾಗಿ ಈ ಕಾಯಿಲೆ ಮೊದಲು ಕೈ ಹಾಕುವುದೇ ಆ ಕಲಿಯುವ ಶಕ್ತಿಗೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಬಿ12 ಮತ್ತು ಥೈರಾಯ್ಡ್ ನೋಡಿದ್ದಾರಾ? ಇವೆರಡರಲ್ಲಿ ಏರುಪೇರಾದರೂ ಮರೆವು ಬರುತ್ತದೆ, ಚಿಕಿತ್ಸೆಯೂ ಇದೆ. ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿಕೊಂಡಿರುವುದು, ಇವನ್ನೂ ತಳ್ಳಿಹಾಕಬೇಕು. 'ಅರವತ್ತಕ್ಕೆ ಅರಳು ಮರಳು' ಅಂತ ಸುಮ್ನೆ ಬಿಟ್ಟುಬಿಡುವುದು ನಮ್ಮಲ್ಲಿ ಜಾಸ್ತಿ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ 7.4 ಮಾತ್ರ. ಅಂದರೆ ವಯಸ್ಸಾದ ಎಲ್ಲರಿಗೂ ಬರುವಂಥದ್ದಲ್ಲ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು ಅಂತಲೂ ಅದೇ ಅಧ್ಯಯನ ಹೇಳುತ್ತದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ: ಅಕ್ಕಪಕ್ಕ ಮನೆಯೇ ಇಲ್ಲದ ಕಡೆ ಯಾರ ಸಹಾಯ ಸಿಗುತ್ತದೆ?

ಮನೆ ಒಂಟಿ ಇರಬಹುದು, ಆದರೆ ದಾರಿಯಲ್ಲಿ ಜನ ಇದ್ದೇ ಇರುತ್ತಾರಲ್ವಾ? ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರು, ಲೆಕ್ಕ ಬರೆಯುವ ತೋಟದ ರೈಟರ್, ಡೇರಿಗೆ ಹಾಲು ಹಾಕಲು ಹೋಗುವವರು, ಬೆಳಗಿನ ಬಸ್ಸಿನ ಕಂಡಕ್ಟರ್, ಸೊಸೈಟಿಯಲ್ಲಿ ರೇಷನ್ ಕೊಡುವವರು. ಇವರಿಗೆಲ್ಲ ಬಾಯಿಬಿಟ್ಟು ಹೇಳಿ: 'ನಮ್ಮತ್ತೆಗೆ ಮರೆವಿನ ಕಾಯಿಲೆ. ಒಬ್ಬರೇ ಬಸ್ ಹತ್ತಲು ಬಂದರೆ ಬೈಬೇಡಿ, ಮಾತಾಡಿಸಿ ಕೂರಿಸಿಕೊಂಡು ನಮಗೆ ಫೋನ್ ಮಾಡಿ.' ಇಷ್ಟೇ ಸಾಕು. ತುಂಬಾ ಮನೆಗಳಲ್ಲಿ ಇದನ್ನು ಗುಟ್ಟು ಮಾಡುತ್ತಾರೆ. ಮಾನಕ್ಕೆ ಅಂಜಿ ಮುಚ್ಚಿಟ್ಟರೆ, ದಾರಿಯಲ್ಲಿ ಸಿಕ್ಕ ಅಜ್ಜಿಗೆ ಏನಾಗಿದೆ ಅಂತ ಯಾರಿಗೆ ತಾನೆ ಗೊತ್ತಾಗಬೇಕು?

ಆನೆ ಬಂದರೆ ನಿಮ್ಮ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಗಳಿಗೆಯಲ್ಲಿ ಸುದ್ದಿ ಹರಡುತ್ತದೆ. ಅದೇ ಗ್ರೂಪಿಗೆ ಅತ್ತೆಯ ಫೋಟೋ, ನಿಮ್ಮ ನಂಬರ್ ಹಾಕಿಡಿ. ನೆಟ್‌ವರ್ಕ್ ಇಲ್ಲದ ದಿನಕ್ಕೆ ಲೈನ್ ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಸೀರೆಯ ಒಳಮಡಿಕೆಗೆ ಹೆಸರು, ಫೋನ್ ನಂಬರ್ ಹೊಲಿದರೂ ಒಳ್ಳೆಯದು. ಜಪಾನಿನಲ್ಲಿ 2005ರಿಂದ ಅಂಗಡಿಯವರು, ಬ್ಯಾಂಕಿನವರು, ಶಾಲೆ ಮಕ್ಕಳಿಗೂ ಸುಮಾರು ಒಂದೂವರೆ ಗಂಟೆಯ ಪಾಠ ಮಾಡಿ 'ಡಿಮೆನ್ಷಿಯಾ ಬೆಂಬಲಿಗ'ರನ್ನಾಗಿ ಮಾಡುತ್ತಿದ್ದಾರೆ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಆಶಾ ಕಾರ್ಯಕರ್ತೆ ಅರ್ಧ ಗಂಟೆ ಇದನ್ನೇ ಹೇಳಿದರೆ ಖರ್ಚೇನೂ ಇಲ್ಲ.

ಸಂಜೆ ಹೊತ್ತು ಅತ್ತೆ ಸೆರಗು ಸರಿಮಾಡಿಕೊಂಡು 'ನಾನು ಮನೆಗೆ ಹೋಗ್ಬೇಕು' ಅಂತ ಎದ್ದು ನಿಲ್ಲುತ್ತಾರಾ? ಈ ಕಾಯಿಲೆಯಲ್ಲಿ ಕತ್ತಲಾಗುವ ಹೊತ್ತಿಗೆ ಗಲಿಬಿಲಿ ಜಾಸ್ತಿ. 'ಇದೇ ನಿಮ್ಮ ಮನೆ' ಅಂತ ವಾದಕ್ಕೆ ಇಳಿದರೆ ಸಿಟ್ಟು, ಅಳು, ಕೊನೆಗೆ ಕೋಲು ಹಿಡಿದು ಅಂಗಳಕ್ಕೆ. ಅದರ ಬದಲು 'ಹೋಗೋಣ ಅತ್ತೆ, ಕಾಫಿ ಕುಡಿದು ಹೊರಡೋಣ' ಅನ್ನಿ. ತವರಿನ ಸುದ್ದಿ ತೆಗೆಯಿರಿ. ಕೈಗೆ ಅವರೆಕಾಯಿಯನ್ನೋ ಬೆಳ್ಳುಳ್ಳಿಯನ್ನೋ ಕೊಡಿ, ಬಿಡಿಸುತ್ತಾ ಕೂರಲಿ. ತಿಥಿ, ವಾರ ಮರೆತವರೂ ಕೈಕೆಲಸ ಮರೆಯುವುದು ತಡ. ಕತ್ತಲಾಗುವ ಮೊದಲೇ ದೀಪ ಹಾಕಿ. ಕರೆಂಟ್ ನಂಬಬೇಡಿ, ಚಾರ್ಜಿನ ಲೈಟ್ ಇಟ್ಟುಕೊಳ್ಳಿ. ಬಚ್ಚಲೊಲೆಯ ಹತ್ತಿರ ಮಾತ್ರ ಒಬ್ಬರನ್ನೇ ಬಿಡಬೇಡಿ.

ಸರ್ಕಾರದ ಕಡೆಯಿಂದಲೂ ಸ್ವಲ್ಪ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರು ಮಾಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಕ್ಲಿನಿಕ್ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಅಂತ ಕೇಳಿಕೊಂಡೇ ಹೋಗಿ, ಸುಮ್ನೆ ಹೋಗಿ ವಾಪಸ್ ಬರೋ ಹಾಗಾಗಬಾರದು. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಿರಿಯರ ಸಹಾಯವಾಣಿ 14567. ಮೊದಲನೆಯದು ನಿಮಗೂ ಬೇಕಾಗುತ್ತದೆ, ನೋಡಿಕೊಳ್ಳುವವರ ಗೋಳು ಕೇಳುವವರು ಕಡಿಮೆ. ಮೈದುನ ನಿಜಕ್ಕೂ ಸಹಾಯ ಮಾಡಬೇಕೆಂದಿದ್ದರೆ ಅವರೇ ಇಲ್ಲಿಗೆ ಬಂದು ಹತ್ತು ದಿನ ಇರಲಿ, ನೀವು ತವರಿಗೆ ಹೋಗಿ ಬನ್ನಿ.

ಜೂನ್‌ಗೆ ಮೊದಲೇ ಮಾತ್ರೆಗಳನ್ನು ಒಂದೆರಡು ತಿಂಗಳಿಗಾಗುವಷ್ಟು ಬರೆಸಿಕೊಳ್ಳಿ. ಅತ್ತೆ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಮಂಕಾದರೆ ಅಥವಾ ಬಡಬಡಿಸತೊಡಗಿದರೆ ಕಾಯಿಲೆ ಜಾಸ್ತಿಯಾಯಿತು ಅಂತ ಕೂರಬೇಡಿ. ಮೂತ್ರದ ಸೋಂಕು, ಜ್ವರ, ನೀರು ಕಡಿಮೆ ಕುಡಿದದ್ದು ಕಾರಣ ಇರಬಹುದು. ಹಳ್ಳ ಏರುವ ಮುಂಚೆ ಡಾಕ್ಟರಿಗೆ ತೋರಿಸಿ.

ಬೆಂಗಳೂರಿನ ಮಾತು ಯಾವಾಗ? ರಾತ್ರಿ ಹೊತ್ತು ಎದ್ದು ಹೊರಗೆ ಹೋಗತೊಡಗಿದರೆ, ಮನೆಯಲ್ಲಿ ಕಾಯಲು ನೀವೊಬ್ಬರೇ ಆದರೆ. ಆಗಲೂ ಮೂಡಿಗೆರೆ ಪೇಟೆಯಲ್ಲೋ ಚಿಕ್ಕಮಗಳೂರಿನಲ್ಲೋ ಮಳೆಗಾಲಕ್ಕೆ ಮಾತ್ರ ಒಂದು ಬಾಡಿಗೆ ಮನೆ ಮಾಡಲಾಗುತ್ತದಾ ಅಂತ ಮೊದಲು ನೋಡಿ.