ಆವ್ರೋ ಸಿಳ್ಳೆ ಹಾಕುತ್ತಿತ್ತಾ, ಗುಂಯ್‌ಗುಡುತ್ತಿತ್ತಾ?

ಓದುಗರ ಪ್ರಶ್ನೆ: ನಮ್ಮ ತಾತ, ಅಜ್ಜಿ ಇಬ್ಬರೂ ಎಂಬತ್ತರ ದಶಕದ ಶುರುವಿನಲ್ಲಿ ಮಂಗಳೂರಿಗೆ ಆವ್ರೋ ವಿಮಾನದಲ್ಲಿ ಹೋಗಿದ್ದರಂತೆ. ಆ ಕತೆ ಬಂದಾಗಲೆಲ್ಲ ಮನೆಯಲ್ಲಿ ಜಗಳ. ತಾತನ ಪ್ರಕಾರ ಅದು ಕಿವಿ ಸೀಳುವ ಸಿಳ್ಳೆ. ಅಜ್ಜಿ ಮಾತ್ರ, ‘ಸಿಳ್ಳೆ ಎಲ್ಲಿತ್ತು? ಗುಂಯ್ ಅಂತ ಎದೆ ನಡುಗಿಸೋ ಸದ್ದು’ ಅನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ? ಅಷ್ಟೊಂದು ಸದ್ದು ಯಾಕೆ ಬರುತ್ತಿತ್ತು?

ಇಬ್ಬರೂ ಸರಿ. ಸುಮ್ನೆ ಜಗಳ ಬಿಡಿಸಲು ಹೇಳುತ್ತಿಲ್ಲ. ಆವ್ರೋಗೆ ನಿಜವಾಗಿಯೂ ಎರಡು ಗಂಟಲು ಇದ್ದವು. ಯಾವ ಗಂಟಲಿನ ದನಿ ನಿಮ್ಮ ನೆನಪಲ್ಲಿ ಉಳಿದಿದೆ ಅನ್ನೋದು, ನೀವು ಎಲ್ಲಿ ನಿಂತಿದ್ದಿರಿ, ಎಲ್ಲಿ ಕೂತಿದ್ದಿರಿ ಅನ್ನೋದರ ಮೇಲೆ ಹೋಗುತ್ತದೆ.

ಆದರೆ ಅದಕ್ಕೂ ಮೊದಲು ಒಂದು ಮಾತು. ಅದು ಆವ್ರೋನೇ ಅಂತ ಖಾತ್ರಿ ಮಾಡಿಕೊಳ್ಳಿ. ಆ ಕಾಲದಲ್ಲಿ ನಮ್ಮಲ್ಲಿ ಫಾಕರ್ ಫ್ರೆಂಡ್‌ಶಿಪ್ ಅನ್ನುವ ವಿಮಾನವೂ ಹಾರುತ್ತಿತ್ತು. ಅದಕ್ಕೂ ಎರಡು ಫ್ಯಾನು, ಅದಕ್ಕೂ ಅದೇ ರೋಲ್ಸ್ ರಾಯ್ಸ್ ಕಂಪನಿಯ ಡಾರ್ಟ್ ಎಂಜಿನ್ನು. ಹಳೆಯ ಪ್ರಯಾಣಿಕರು ಎರಡನ್ನೂ ಕಲಸಿಬಿಡುತ್ತಾರೆ. ಬಿಡಿಸಿ ನೋಡಲು ಒಂದೇ ಪ್ರಶ್ನೆ ಸಾಕು: ಕಿಟಕಿಯಲ್ಲಿ ನೋಡಿದಾಗ ರೆಕ್ಕೆ ಕೆಳಗಿತ್ತಾ, ತಲೆ ಮೇಲಿತ್ತಾ? ತಲೆ ಮೇಲೆ ರೆಕ್ಕೆ, ಕೆಳಗೆ ತೋಟ ಗದ್ದೆ ಎಲ್ಲ ಸ್ಪಷ್ಟ, ಇಳಿಯುವಾಗ ಕಿಟಕಿ ಪಕ್ಕದಲ್ಲೇ ಉದ್ದನೆಯ ಚಕ್ರದ ಕಾಲು ಕೆಳಗೆ ಬಂತು ಅಂದರೆ ಅದು ಫಾಕರ್. ರೆಕ್ಕೆ ಕೆಳಗಿದ್ದು, ಅದರ ಮೇಲೆ ಒಂದು ದಪ್ಪ ಎಂಜಿನ್ ಗೂಡು ಕೂತಿತ್ತು ಅಂದರೆ ಆವ್ರೋ. ನಡುವಿನ ಸಾಲಿನವರಿಗೆ ಆ ರೆಕ್ಕೆ, ಆ ಗೂಡು ಬಿಟ್ಟರೆ ನೋಡೋಕೆ ಜಾಸ್ತಿ ಏನೂ ಇರುತ್ತಿರಲಿಲ್ಲ, ಪಾಪ.

ಹೆಸರಿನ ಕತೆಯೂ ಸ್ವಲ್ಪ ಗೊಂದಲದ್ದೇ. ಇಂಗ್ಲೆಂಡಿನ ಆವ್ರೋ ಕಂಪನಿ ಹಳೆಯ ಡಕೋಟಾ ವಿಮಾನಗಳ ಜಾಗಕ್ಕೆ ಅಂತ ಇದನ್ನು ಮಾಡಿತು. ಪೂರ್ತಿ ಹೆಸರು ಆವ್ರೋ 748. ಮೊದಲು ಹಾರಿದ್ದು 1960ರ ಜೂನ್ 24ರಂದು. ಆಮೇಲೆ ಕಂಪನಿ ಹಾಕರ್ ಸಿಡ್ಲಿಯೊಳಗೆ ಸೇರಿ ಹೋಯಿತು, ವಿಮಾನ ಎಚ್‌ಎಸ್ 748 ಆಯಿತು. ನಮ್ಮವರು ಮಾತ್ರ ಕೊನೆಯವರೆಗೂ ಆವ್ರೋ ಅಂತಲೇ ಕರೆದರು. ಕರೆಯುವ ಹಕ್ಕೂ ಇತ್ತು ಅನ್ನಿ. ಯಾಕೆಂದರೆ ನಮ್ಮ ಆವ್ರೋಗಳು ನಮ್ಮಲ್ಲೇ ತಯಾರಾದವು. ಕಾನ್ಪುರದಲ್ಲಿ ವಾಯುಪಡೆಯ ಕಾರ್ಖಾನೆಯೊಂದು ಲೈಸೆನ್ಸ್ ತೆಗೆದುಕೊಂಡು ಜೋಡಿಸಿದ ಮೊದಲ ವಿಮಾನ 1961ರ ನವೆಂಬರ್ 1ರಂದು ಹಾರಿತು. ವಾಯುಪಡೆಯ ಮುಖ್ಯಸ್ಥರಾಗಿದ್ದು ಅದರ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಸುಬ್ರತೋ ಮುಖರ್ಜಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. 1964ರಲ್ಲಿ ಆ ಕಾರ್ಖಾನೆ ಎಚ್‌ಎಎಲ್‌ಗೆ ಸೇರಿತು. ಒಟ್ಟು 89 ಆವ್ರೋಗಳು ಕಾನ್ಪುರದಿಂದ ಹೊರಬಂದವು. ಕೆಲವು ಇಂಡಿಯನ್ ಏರ್‌ಲೈನ್ಸ್‌ಗೆ, ಉಳಿದ ಬಹುಪಾಲು ವಾಯುಪಡೆಗೆ.

ಈಗ ತಾತನ ಸಿಳ್ಳೆಗೆ ಬರೋಣ.

ಅಡುಗೆಮನೆಯ ಮಿಕ್ಸಿಯನ್ನು ಖಾಲಿ ಓಡಿಸಿ ನೋಡಿದ್ದೀರಲ್ವಾ? ಚಟ್ನಿ ಹಾಕಿದಾಗ ಗರಗರ ಅನ್ನೋದು ಖಾಲಿ ಇದ್ದಾಗ ಕೀಂಯ್ ಅನ್ನುತ್ತದೆ. ಡಾರ್ಟ್ ಎಂಜಿನ್ನಿನ ಬಾಯಲ್ಲೂ ಹೆಚ್ಚುಕಡಿಮೆ ಅಂಥದ್ದೇ ಒಂದು ಏರ್ಪಾಟು. ಒಂದರ ಹಿಂದೆ ಒಂದರಂತೆ ಎರಡು ದೊಡ್ಡ ಚಕ್ರಗಳು. ಅವುಗಳ ಮೈಮೇಲೆ ರೆಕ್ಕೆಯಂಥ ಏಣುಗಳು. ಅವು ಗಾಳಿಯನ್ನು ಎಳೆದುಕೊಂಡು, ಸುತ್ತಿಸಿ, ಅಂಚಿಗೆ ಎಸೆದು ಒತ್ತುತ್ತವೆ. ಎಂಜಿನ್ ಪೂರ್ತಿ ಜೋರಿನಲ್ಲಿದ್ದಾಗ ಈ ಚಕ್ರಗಳು ನಿಮಿಷಕ್ಕೆ 15,000 ಸುತ್ತು ತಿರುಗುತ್ತವೆ. ಅಂದರೆ ಸೆಕೆಂಡಿಗೆ 250 ಸುತ್ತು. ಒಂದೊಂದು ಸುತ್ತಿಗೂ ಒಂದೊಂದು ಏಣೂ ಗಾಳಿಗೆ ಒಂದು ಏಟು ಕೊಡುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸಾವಿರಾರು ಏಟು. ಮನುಷ್ಯರ ಕಿವಿ ಅತಿ ಚುರುಕಾಗಿ ಕೇಳುವುದೂ ಆ ಮಟ್ಟದ ಸದ್ದನ್ನೇ. ಎಂಜಿನ್ ತಯಾರಿಸಿದವರು ಬೇಕು ಅಂತ ಮಾಡಿದ್ದಲ್ಲ, ಆದರೆ ಬೇಕು ಅಂತ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಕಿವಿಗೆ ಚುಚ್ಚುವ ಸಿಳ್ಳೆ ಮಾಡೋದು ಕಷ್ಟವಿತ್ತು.

ಈ ಸಿಳ್ಳೆ ಹೊರಗೆ ಬರುವುದು ಎಂಜಿನ್ನು ಗಾಳಿ ಎಳೆದುಕೊಳ್ಳುವ ಮುಂದಿನ ಬಾಯಿಂದ. ಹಾಗಾಗಿ ವಿಮಾನದ ಎದುರಿಗೆ ನಿಂತವರಿಗೆ ಅದು ನೇರವಾಗಿ ಮುಖಕ್ಕೇ ಬಡಿಯುತ್ತಿತ್ತು. ವಿಮಾನ ಇಳಿದು, ಮೆಲ್ಲಗೆ ಉರುಳಿಕೊಂಡು ನಿಲ್ದಾಣದ ಕಡೆ ಮೂತಿ ತಿರುಗಿಸಿತು ಅಂದುಕೊಳ್ಳಿ. ಆಗ ಫ್ಯಾನಿಗೆ ಕೆಲಸ ಕಮ್ಮಿ, ಅದರ ಸದ್ದೂ ಕಮ್ಮಿ. ಎಂಜಿನ್ನಿನ ಚಕ್ರ ಮಾತ್ರ ಗಿರಗಿರ ತಿರುಗುತ್ತಲೇ ಇರುತ್ತದೆ. ಹೂವಿನ ಹಾರ ಹಿಡಿದು ಬೇಲಿ ಪಕ್ಕ ಕಾಯುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದದ್ದು ಆ ಗಳಿಗೆಯಲ್ಲಿ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ನಾನೂ ಚಿಕ್ಕವನಿದ್ದಾಗ ಹಾಗೆ ಕಿವಿ ಮುಚ್ಚಿಕೊಂಡು ನಿಂತದ್ದಿದೆ. ಕೈ ತೆಗೆಯೋದು, ಮುಚ್ಚೋದು, ಮತ್ತೆ ತೆಗೆಯೋದು. ಮಕ್ಕಳಿಗೆ ಅದೇ ಒಂದು ಆಟ.

ಅಜ್ಜಿ ಹೇಳುವ ಸದ್ದು ಬೇರೆಯದು, ಅದು ಫ್ಯಾನಿನದು. ಎಂಜಿನ್ 15,000 ಸುತ್ತು ತಿರುಗಿದರೂ ಫ್ಯಾನು ಅಷ್ಟು ವೇಗವಾಗಿ ತಿರುಗುವ ಹಾಗಿಲ್ಲ. ನಡುವೆ ಗೇರ್ ಇಟ್ಟು ನಿಮಿಷಕ್ಕೆ ಸುಮಾರು 1,400 ಸುತ್ತಿಗೆ ಇಳಿಸುತ್ತಾರೆ. ಒಂದೊಂದು ಫ್ಯಾನಿಗೂ ನಾಲ್ಕು ಅಲಗು. ಅಂದರೆ ಸೆಕೆಂಡಿಗೆ ತೊಂಬತ್ತಕ್ಕೂ ಹೆಚ್ಚು ಸಲ ಗಾಳಿಯ ಒಂದು ಗುದ್ದು ವಿಮಾನದ ಮೈಗೆ ಬೀಳುತ್ತದೆ. ಅದು ಕಿವಿಗಿಂತ ಎದೆಗೆ ಜಾಸ್ತಿ ತಿಳಿಯುವ ಸದ್ದು.

ಒಳಗೆ ಕೂತವರಿಗೆ ಸಿಳ್ಳೆ ಯಾಕೆ ಕೇಳಲಿಲ್ಲ? ಮದುವೆ ಛತ್ರದಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡರೆ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ನಾದಸ್ವರ ತೆಳ್ಳಗಾಗುತ್ತದೆ, ಡೋಲು ಮಾತ್ರ ಹಾಗೇ ಕೇಳುತ್ತಿರುತ್ತದೆ. ತಾರಕದ ಸದ್ದನ್ನು ಗೋಡೆ ತಡೆಯುತ್ತದೆ, ಮಂದ್ರದ್ದನ್ನು ತಡೆಯೋದು ಕಷ್ಟ. ವಿಮಾನದ ಗೋಡೆಯೂ ಅಷ್ಟೇ. ಸಿಳ್ಳೆ ಹೊರಗೆ ಉಳಿಯಿತು, ಡೋಲು ಒಳಗೆ ಬಂತು.

ಆ ಡೋಲಿಗೂ ಒಂದು ತಾಳ ಇತ್ತು. ‘ಗುಂಯ್... ಗುಂಯ್... ಅಂತ ಏರಿ ಇಳಿದು ಬರುತ್ತಿತ್ತು’ ಅಂತ ಅಜ್ಜಿ ಹೇಳಿದರೆ ಅವರ ನೆನಪಿಗೆ ನೂರಕ್ಕೆ ನೂರು ಅಂಕ ಕೊಡಿ. ತಂಬೂರಿಯ ಎರಡು ತಂತಿ ಶ್ರುತಿಗೆ ಹತ್ತಿರ ಬಂದೂ ಪೂರ್ತಿ ಕೂಡದೆ ಇದ್ದಾಗ ದನಿ ಅಲೆ ಅಲೆಯಾಗಿ ತೂಗುತ್ತದಲ್ಲ, ಇದೂ ಅದೇ. ಎಡಗಡೆಯ ಫ್ಯಾನು, ಬಲಗಡೆಯ ಫ್ಯಾನು ಒಂದೇ ವೇಗದಲ್ಲಿ ತಿರುಗದೆ ಒಂದಕ್ಕೊಂದು ಚೂರು ಹಿಂದೆ ಮುಂದೆ ಆದಾಗ ಎರಡೂ ಸದ್ದು ಕೂಡುತ್ತಾ ಬಿಡುತ್ತಾ ಹೋಗುತ್ತವೆ. ಪೈಲಟ್ ಒಂದನ್ನು ಕೂದಲೆಳೆಯಷ್ಟು ಸರಿಪಡಿಸಿದರೆ ಅಲೆ ನಿಧಾನವಾಗಿ ಸಮ ಆಗುತ್ತದೆ. ಸಂಗೀತ ಗೊತ್ತಿಲ್ಲದವರಿಗೂ ಆಗ ಒಂದು ನೆಮ್ಮದಿ.

ಎಲ್ಲಿ ಕೂತಿದ್ದರು ಅನ್ನೋದೂ ಮುಖ್ಯ. ಐವತ್ತರ ಆಸುಪಾಸಿನ ಸೀಟು, ನಡುದಾರಿಯ ಆಚೆ ಈಚೆ ಎರಡೆರಡು. ಫ್ಯಾನಿನ ನೇರದ ಸಾಲಿಗೆ ಗುದ್ದು ಅತಿ ಹೆಚ್ಚು. ಅಲ್ಲಿ ಕೂತವರ ಕಾಫಿ ಕಪ್ಪಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಹಿಂದೆ ಹೋದಷ್ಟೂ ಹಗುರ.

ಹತ್ತಿ, ಪೆಪ್ಪರ್‌ಮಿಂಟು ಇಲ್ಲದ ಆವ್ರೋ ನೆನಪನ್ನು ನಾನಂತೂ ಕೇಳಿಲ್ಲ. ಹೊರಡುವ ಮುಂಚೆ ಒಂದು ತಟ್ಟೆ ಬರುತ್ತಿತ್ತು. ಪೆಪ್ಪರ್‌ಮಿಂಟು ಬಾಯಿ ಸಿಹಿ ಮಾಡಲು ಅಲ್ಲ. ಡಕೋಟಾದ ಹಾಗಲ್ಲದೆ ಆವ್ರೋದ ಒಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಟು ಇತ್ತು ನಿಜ. ಆದರೂ ಏರುವಾಗ ಇಳಿಯುವಾಗ ಒಳಗಿನ ಒತ್ತಡ ಸ್ವಲ್ಪ ಬದಲಾಗಿಯೇ ಆಗುತ್ತದೆ. ಜೊಲ್ಲು ನುಂಗುತ್ತಾ ಇದ್ದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದು ಎರಡೂ ಕಡೆಯ ಒತ್ತಡ ಸಮ ಆಗುತ್ತದೆ. ನಾನು ಆವ್ರೋ ಹತ್ತಿದ ಒಂದೇ ಸಲ ತಟ್ಟೆಗೆ ಕೈ ಹಾಕಿ ಮುಷ್ಟಿ ತುಂಬ ತೆಗೆದುಕೊಂಡೆ. ಅಮ್ಮ ಕಣ್ಣು ಬಿಟ್ಟರು. ಎರಡು ವಾಪಸು ಹಾಕಿದೆ, ಉಳಿದದ್ದು ಜೇಬಿಗೆ.

ಹತ್ತಿಯಿಂದ ಒತ್ತಡಕ್ಕೆ ಮೂರು ಕಾಸಿನ ಉಪಯೋಗ ಇಲ್ಲ. ಅದು ಸದ್ದಿಗೆ. ಅದರಲ್ಲೂ ಒಂದು ಪಕ್ಷಪಾತ ಇದೆ: ಹತ್ತಿ ತಾರಕದ ಸದ್ದನ್ನು ಚೆನ್ನಾಗಿ ಕುಡಿಯುತ್ತದೆ, ಮಂದ್ರದ್ದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಳಗೆ ಅಷ್ಟಿಷ್ಟು ನುಸುಳಿದ್ದ ಸಿಳ್ಳೆಯೂ ಹತ್ತಿ ಇಟ್ಟುಕೊಂಡವರಿಗೆ ಇಲ್ಲವಾಗಿ ಬರೀ ಗುಂಯ್ ಉಳಿಯುತ್ತಿತ್ತು.

ಸದ್ದಿನ ಮಾತಾಯಿತು. ಪ್ರಶ್ನೆಯಲ್ಲಿ ಇಲ್ಲದಿದ್ದರೂ ಕುಲುಕಾಟದ ಬಗ್ಗೆ ಹೇಳದೆ ಬಿಡೋಕಾಗಲ್ಲ. ನಕ್ಷೆ ನೋಡಿದರೆ ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಯ ಹತ್ತಿರ. ಗೆರೆ ಎಳೆದ ಹಾಗೆ ಪಶ್ಚಿಮಕ್ಕೆ ಹೋದರೆ ಸುಮಾರು 300 ಕಿಲೋಮೀಟರ್. ದಾರಿಯಲ್ಲಿ ಹಾಸನ, ಸಕಲೇಶಪುರ, ಅಲ್ಲಿಂದ ಘಟ್ಟ ಧಡಕ್ಕನೆ ಕೆಳಗೆ. ಮಳೆಗಾಲದಲ್ಲಿ ಕಡಲಿನಿಂದ ಬರುವ ಗಾಳಿ ಈ ಗೋಡೆಗೆ ಗುದ್ದಿ ಮೇಲಕ್ಕೆ ಏಳುತ್ತದೆ, ಮೋಡ ಕಟ್ಟುತ್ತದೆ. ಆವ್ರೋ 25,000 ಅಡಿವರೆಗೆ ಏರಬಲ್ಲದು. ಆದರೆ ಗಂಟೆಗೆ 450 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹೋಗುವ ವಿಮಾನ, ಒಂದು ಗಂಟೆಯೊಳಗಿನ ಹಾರಾಟಕ್ಕೆ ಅಷ್ಟು ಎತ್ತರ ಹತ್ತಿ ಇಳಿಯುವುದರಲ್ಲಿ ಅರ್ಥ ಇಲ್ಲ. ಹಾಗಾಗಿ ಅದು ಮೋಡದ ಮೇಲೆ ಹೋಗದೆ ಮೋಡದೊಳಗೇ ಹೋಗುತ್ತಿತ್ತು. ಸಾಲದ್ದಕ್ಕೆ ವಿಮಾನದ ತೂಕಕ್ಕೆ ಹೋಲಿಸಿದರೆ ರೆಕ್ಕೆ ದೊಡ್ಡದು. ಗಾಳಿಯ ಸಣ್ಣ ಪೆಟ್ಟಿಗೂ ಹಗುರವಾಗಿ ಎದ್ದು ಬೀಳುತ್ತದೆ. ಆ ದೊಡ್ಡ ರೆಕ್ಕೆಯೇ ಚಿಕ್ಕ ರನ್‌ವೇಯಲ್ಲಿ ಇಳಿಯೋಕೆ ಬೇಕಾಗಿದ್ದದ್ದು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಂಡ ಹಾಗೆ.

ಬಜಪೆಯ ಹಳೆಯ ರನ್‌ವೇ ಚಿಕ್ಕದೇ ಆಗಿತ್ತು. 1951ರ ಡಿಸೆಂಬರ್ 25ರಂದು ನೆಹರು ಅವರು ಡಕೋಟಾದಲ್ಲಿ ಬಂದು ಇಳಿದಾಗ ಶುರುವಾದ ನಿಲ್ದಾಣ ಅದು. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಉದ್ದ 1,615 ಮೀಟರ್. ಇಲ್ಲಿ ಇಳಿದವರಿಗೆ ಇನ್ನೊಂದು ನೆನಪು ಇರಲೇಬೇಕು. ಚಕ್ರ ನೆಲ ಮುಟ್ಟಿದ ತಕ್ಷಣ ಫ್ಯಾನಿನ ದನಿ ಥಟ್ಟನೆ ಬದಲಾಗಿ, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಮೈ ಮುಂದಕ್ಕೆ ವಾಲುತ್ತಿತ್ತು. ಪೈಲಟ್ ಆಗ ಫ್ಯಾನಿನ ಅಲಗುಗಳನ್ನು ಚಪ್ಪಟೆಯಾಗಿ ತಿರುಗಿಸುತ್ತಾನೆ. ಗಾಳಿ ಕೊಯ್ಯುತ್ತಿದ್ದ ಅಲಗು ಗಾಳಿಗೆ ಅಡ್ಡ ಹಿಡಿದ ತಟ್ಟೆಯಾಗುತ್ತದೆ. ಅದೇ ಅರ್ಧ ಬ್ರೇಕು.

ಒದ್ದೆ ರನ್‌ವೇ ಮೇಲೆ ಅದೂ ಕೆಲವೊಮ್ಮೆ ಸಾಕಾಗದು. 1981ರ ಆಗಸ್ಟ್ 19ರಂದು ಮಳೆಯಲ್ಲಿ ಬಂದ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ಬಜಪೆಯಲ್ಲಿ ರನ್‌ವೇ ದಾಟಿ ಅಂಚಿನಾಚೆ ಹೋಗಿ ನಿಂತಿತು. ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅದರಲ್ಲಿದ್ದರು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ, ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ಉದ್ದದ ಹೊಸ ರನ್‌ವೇ ಬಂದದ್ದು 2006ರಲ್ಲಿ.

ಪ್ರಯಾಣಿಕರ ಕೆಲಸದಿಂದ ಆವ್ರೋ ನಿವೃತ್ತಿಯಾಗಿ ಬಹಳ ಕಾಲವಾಯಿತು. ವಾಯುಪಡೆ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅವುಗಳ ಜಾಗಕ್ಕೆ ಏರ್‌ಬಸ್ ಸಿ-295 ವಿಮಾನ 56 ಬೇಕು ಅಂತ ಒಪ್ಪಂದ ಆದದ್ದು 2021ರಲ್ಲಿ, ಮೊದಲನೆಯದು ಕೈಗೆ ಬಂದದ್ದು 2023ರಲ್ಲಿ. ಕಾನ್ಪುರದ ಮೊದಲ ಆವ್ರೋ ಹಾರಿದ 62 ವರ್ಷದ ಮೇಲೆ.

ಇನ್ನು ನಿಮ್ಮ ಮನೆಯ ಜಗಳ. ಅಜ್ಜಿಯನ್ನು ಕೇಳಿ: ರೆಕ್ಕೆಯ ಹತ್ತಿರ ಕೂತಿದ್ದರಾ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದರಾ? ಎರಡಕ್ಕೂ ಹೌದು ಅಂದರೆ ಅವರ ಕತೆ ಪಕ್ಕಾ. ತಾತನನ್ನು ಕೇಳುವಾಗ ಸ್ವಲ್ಪ ಹುಷಾರು. ಆಗೆಲ್ಲ ಬಸ್ಸು ಏರೋಬ್ರಿಡ್ಜು ಇಲ್ಲದೆ ನಡೆದುಕೊಂಡೇ ಹೋಗಿ ಹತ್ತುತ್ತಿದ್ದರು. ಹಾಗೆ ಹೋಗುವಾಗ ಪಕ್ಕದಲ್ಲಿ ಇನ್ನೊಂದು ವಿಮಾನ ಎಂಜಿನ್ ಶುರು ಮಾಡಿದ್ದರೆ ಅದರ ಸಿಳ್ಳೆ ಕಿವಿಗೆ ಬಿದ್ದಿರಬಹುದು. ಆದರೆ ಸಿಳ್ಳೆ ಬಿಟ್ಟು ಬೇರೆ ಏನೂ ನೆನಪಿಲ್ಲ, ಪೆಪ್ಪರ್‌ಮಿಂಟೂ ಇಲ್ಲ, ಘಟ್ಟದ ಕುಲುಕಾಟವೂ ಇಲ್ಲ ಅಂದರೆ ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ‘ತಾತ, ಅವತ್ತು ನೀವೂ ಹತ್ತಿದ್ರಾ, ಇಲ್ಲಾ ಅಜ್ಜಿಯನ್ನ ಕಳಿಸೋಕೆ ಬಂದು ಬೇಲಿ ಹತ್ರ ನಿಂತಿದ್ರಾ?’