ಆ ಹೊತ್ತು ದಾಟಿಸುವುದು

ಸಾಯಲು ಹೊರಟವರನ್ನು ಯಾರಿಂದಲೂ ಉಳಿಸಲಾಗದು, ಇವತ್ತು ತಡೆದರೆ ನಾಳೆ ಮಾಡಿಕೊಳ್ಳುತ್ತಾರೆ ಎಂಬ ಮಾತನ್ನು ತಿಳಿದವರೂ ಆಡುತ್ತಾರೆ. ಈ ಮಾತು ಸುಳ್ಳು. ಅದನ್ನು ನಂಬಿದ ಮನೆಯವರು, ಗೆಳೆಯರು ಪ್ರಯತ್ನವನ್ನೇ ಕೈಬಿಡುವುದರಿಂದ ಅಪಾಯಕಾರಿಯೂ ಹೌದು. ಅಮೆರಿಕದ ಸಂಶೋಧಕ ರಿಚರ್ಡ್ ಸೈಡನ್, 1937ರಿಂದ 1971ರ ನಡುವೆ ಕೊನೆಯ ಗಳಿಗೆಯಲ್ಲಿ ತಡೆಯಲ್ಪಟ್ಟಿದ್ದ 515 ಜನರು ಮುಂದೆ ಏನಾದರು ಎಂದು ಹುಡುಕಿ ನೋಡಿದರು. 1978ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅವರಲ್ಲಿ ಸುಮಾರು ಶೇ 94ರಷ್ಟು ಮಂದಿ ಇನ್ನೂ ಬದುಕಿದ್ದರು, ಇಲ್ಲವೇ ಸಹಜ ಸಾವು ಕಂಡಿದ್ದರು.

ಆತ್ಮಹತ್ಯೆಯ ಕಾರಣಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಕಂಡುಕೊಂಡಂತೆ, ಇಂಥವರು ಬಯಸುವುದು ಸಹಿಸಲಾಗದ ಮನೋವೇದನೆಯಿಂದ ಬಿಡುಗಡೆಯನ್ನು. ಬದುಕುವ ಆಸೆಯೂ ಅದೇ ಮನಸ್ಸಿನಲ್ಲಿ, ಅದೇ ಹೊತ್ತಿನಲ್ಲಿ ಇರುತ್ತದೆ. ಆದರೆ ವೇದನೆ ಹೆಚ್ಚಿದಂತೆ ಯೋಚನೆ ಕಿರಿದಾಗುತ್ತ ಹೋಗಿ ಬೇರೆ ದಾರಿಗಳು ಕಾಣದಂತಾಗುತ್ತವೆ. ಖಿನ್ನತೆ ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಚಿಕಿತ್ಸೆ ಬೇಕು. ಸಾಯಬೇಕೆಂಬ ತೀವ್ರ ತುಡಿತ ಮಾತ್ರ ಏರಿ ಇಳಿಯುವಂಥದ್ದು. ಅನೇಕರಲ್ಲಿ ಅದು ನಿಮಿಷಗಳು ಅಥವಾ ಗಂಟೆಗಳಲ್ಲಿ ತಗ್ಗುತ್ತದೆ. ಜೊತೆಗಿರುವವರು ಮಾಡಬೇಕಾದ ಮೊದಲ ಕೆಲಸ ಆ ಹೊತ್ತನ್ನು ದಾಟಿಸುವುದು.

ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎನ್ನುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ನಿದ್ದೆ ಕೆಡುವುದು, ಎಲ್ಲರಿಂದ ದೂರ ಸರಿಯುವುದು ಎಚ್ಚರಿಕೆಯ ಸೂಚನೆಗಳು. ಕೆಲವೊಮ್ಮೆ ಯಾವ ಸೂಚನೆಯೂ ಇರುವುದಿಲ್ಲ. ತಮ್ಮವರನ್ನು ಹೀಗೆ ಕಳೆದುಕೊಂಡು ತಮ್ಮನ್ನೇ ದೂಷಿಸಿಕೊಳ್ಳುತ್ತಿರುವವರು ಇದನ್ನು ತಿಳಿದಿರಬೇಕು.

ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ, ಆದರೆ ಸಂಶೋಧನೆಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. "ಅಂಥದ್ದೇನೂ ಇಲ್ಲ ತಾನೇ?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ 'ಇಲ್ಲ' ಎಂಬ ಉತ್ತರವನ್ನೇ ಬೇಡುತ್ತದೆ, ಎದುರಿನವರು ಅದನ್ನೇ ಕೊಟ್ಟು ಸುಮ್ಮನಾಗುತ್ತಾರೆ. ಹೌದು ಎಂದರೆ ಉಪದೇಶಕ್ಕೆ ಇಳಿಯದೆ ಕೇಳಿಸಿಕೊಳ್ಳಿ. ಮಕ್ಕಳ ಮುಖವನ್ನಾದರೂ ನೋಡು ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ನಿಜ. ಆದರೆ ತಾನೊಂದು ಹೊರೆ ಎಂದು ಆಗಲೇ ನಂಬಿರುವವರಿಗೆ ಅದು ಇನ್ನೊಂದು ಆರೋಪದಂತೆ ಕೇಳಿಸುತ್ತದೆ.

ಅಪಾಯ ಹತ್ತಿರವಿದೆ ಎನಿಸಿದರೆ ಒಂಟಿಯಾಗಿ ಬಿಡಬೇಡಿ. ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನು ಕೈಗೆ ಸಿಗದಂತೆ ದೂರವಿಡಿ. ತುಡಿತ ತಗ್ಗುವವರೆಗೆ ಈ ಅಂತರವೇ ಜೀವ ಕಾಯುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ವೈದ್ಯರನ್ನೋ ಸಹಾಯವಾಣಿಯನ್ನೋ ತಕ್ಷಣ ಸಂಪರ್ಕಿಸಿ. ಭಾರತದಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ ಅಪಾಯ ಬಹಳ ಹೆಚ್ಚು. ಗಂಡಾಂತರ ಕಳೆಯಿತೆಂದು ನಾವು ನಿಟ್ಟುಸಿರು ಬಿಡುವುದೂ ಆಗಲೇ. ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮಾಟೋ, ಆಸ್ಪತ್ರೆಯಿಂದ ಹೊರಬಂದ ಮೇಲೆ ಚಿಕಿತ್ಸೆ ಮುಂದುವರಿಸದ 843 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಐದು ವರ್ಷ ಆಗಾಗ ಚುಟುಕು ಪತ್ರ ಕಳುಹಿಸಿದರು. ನೀವು ಹೋಗಿ ಕೆಲವು ಕಾಲವಾಯಿತು, ಚೆನ್ನಾಗಿದ್ದೀರೆಂದು ಭಾವಿಸಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅದರ ಸಾರ. ಸಲಹೆಯಿಲ್ಲ, ಒತ್ತಾಯವಿಲ್ಲ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರ ಗುಂಪಿನಲ್ಲಿ ಆತ್ಮಹತ್ಯೆಗಳು ಗಮನಾರ್ಹವಾಗಿ ಕಡಿಮೆಯಿದ್ದವು. ಮುಂದಿನ ಎಲ್ಲ ಅಧ್ಯಯನಗಳಲ್ಲೂ ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬಂದಿಲ್ಲ. ಆದರೂ ಚಿಕಿತ್ಸೆಯ ಜೊತೆಗೆ ನಾವೆಲ್ಲರೂ ಮಾಡಬಹುದಾದ ಕೆಲಸ ಇದು ಎಂದೇ ನಾನು ನಂಬುತ್ತೇನೆ. ಮೊಬೈಲಿನಲ್ಲಿ ಎರಡು ಸಾಲು ಸಾಕು. ಉತ್ತರಿಸಲೇಬೇಕೆಂದಿಲ್ಲ ಎಂದೂ ಸೇರಿಸಿ. ಉತ್ತರ ಬರದಿದ್ದರೆ ಮುನಿಸಿಕೊಳ್ಳದೆ ಮುಂದಿನ ವಾರ ಮತ್ತೆ ಬರೆಯಿರಿ.